ಅಳಿದದ್ದು, ಅಳಿಸಿದ್ದು

ಕಾಲದ ಮುಂದೆ ಯಾವುದೂ ನಿಲ್ಲದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಳಿದದ್ದರಲ್ಲಿ ಕಾಲದ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಕಡಿಮೆ. ಅಮೆರಿಕದ ಒಕ್ಲಹೋಮ ರಾಜ್ಯದ ಹೆಸರು ನನ್ನನ್ನು ಈ ಪ್ರಶ್ನೆಗೆ ಎಳೆದು ತರುತ್ತದೆ.

ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಲ್ಲಿ ಒಂದಾದ ಚಾಕ್ಟಾ ಜನರ ಹಿರಿಯರ ನೆಲ ಮಿಸಿಸಿಪ್ಪಿಯ ಸೀಮೆಯಲ್ಲಿತ್ತು. 1830ರ ಒಪ್ಪಂದದಲ್ಲಿ ಅದನ್ನು ಬಿಡಿಸಿಕೊಂಡ ಅಮೆರಿಕ ಸರ್ಕಾರ ಪಶ್ಚಿಮದಲ್ಲಿ ಬೇರೆ ನೆಲ ಕೊಟ್ಟಿತು. ಆ ನೆಲದ ಯಾವ ಭಾಗವೂ ಎಂದೆಂದಿಗೂ ಯಾವ ರಾಜ್ಯಕ್ಕೂ ಸೇರದು ಎಂದು ಮಾತೂ ಕೊಟ್ಟಿತು. ಆ ಮಾತನ್ನು ನಂಬಿ ಹೊರಟವರಲ್ಲಿ ಸಾವಿರಾರು ಮಂದಿ ಚಳಿ, ಹಸಿವು, ಕಾಲರಾಕ್ಕೆ ಸಿಕ್ಕಿ ದಾರಿಯಲ್ಲೇ ಸತ್ತರು.

ಅಂತರ್ಯುದ್ಧ ಮುಗಿದ ಮೇಲೆ, 1866ರಲ್ಲಿ, ಮತ್ತೊಂದು ಒಪ್ಪಂದದ ಮಾತುಕತೆ ನಡೆಯಿತು. ಪಶ್ಚಿಮದ ಆ ಸೀಮೆಯಲ್ಲಿದ್ದ ಬುಡಕಟ್ಟುಗಳ ನೆಲವನ್ನೆಲ್ಲ ಒಂದೇ ಆಡಳಿತದಡಿ ತರುವ ಯೋಚನೆ ಬಂದಾಗ, ಅದಕ್ಕೆ ‘ಒಕ್ಲಹೋಮ’ ಎಂಬ ಹೆಸರು ಸೂಚಿಸಿದವರು ಚಾಕ್ಟಾ ಮುಖಂಡ ಆ್ಯಲನ್ ರೈಟ್. ‘ಒಕ್ಲ’ ಎಂದರೆ ಜನ, ‘ಹುಮ್ಮ’ ಎಂದರೆ ಕೆಂಪು. ತಮ್ಮವರ ನಾಡಿಗೆ ತಮ್ಮ ನುಡಿಯಲ್ಲೇ ಇಟ್ಟ ಹೆಸರದು.

ಮುಂದೆ ಬುಡಕಟ್ಟುಗಳ ಸಾಮೂಹಿಕ ನೆಲವನ್ನು ತುಂಡು ಮಾಡಿ ಹಂಚಲಾಯಿತು. ಅವರ ನ್ಯಾಯಾಲಯಗಳನ್ನು ಮುಚ್ಚಲಾಯಿತು. 1905ರಲ್ಲಿ ಅವರು ಸೆಕ್ವೋಯ ಎಂಬ ತಮ್ಮದೇ ರಾಜ್ಯ ಕೇಳಿದರೆ ವಾಷಿಂಗ್ಟನ್ ಕಿವಿಗೊಡಲಿಲ್ಲ. 1907ರ ನವೆಂಬರ್ 16ರಂದು ಆ ನೆಲವೂ ಸೇರಿ ಒಕ್ಲಹೋಮ 46ನೆಯ ರಾಜ್ಯವಾಯಿತು. ‘ಎಂದೆಂದಿಗೂ’ ಎಂದದ್ದು 77 ವರ್ಷ ಬಾಳಿತು. ಹೆಸರು ಮಾತ್ರ ಉಳಿಯಿತು.

ಇದನ್ನು ಅನಿತ್ಯವೆಂದು ಕರೆದು ಸುಮ್ಮನಾಗಲು ನನ್ನ ಮನಸ್ಸು ಒಪ್ಪದು. ಎಲೆ ಉದುರುವುದಕ್ಕೆ ಯಾರ ಸಹಿಯೂ ಬೇಕಿಲ್ಲ; ಇಲ್ಲಿ ನಡೆದ ಪ್ರತಿಯೊಂದು ಅಳಿವಿಗೂ ಸಹಿ ಇತ್ತು, ದಿನಾಂಕವಿತ್ತು. ಹಾಗಿರುವಾಗ ಹೊಣೆಯನ್ನು ಕಾಲದ ತಲೆಗೆ ಕಟ್ಟಿದರೆ ತತ್ತ್ವವೇ ತಪ್ಪಿಗೆ ಮುಸುಕಾದೀತು.

ಮುಗಿಯಿತೆಂದುಕೊಂಡದ್ದೆಲ್ಲ ಮುಗಿದಿರುವುದೂ ಇಲ್ಲ. ಒಕ್ಲಹೋಮದಲ್ಲೇ ಇರುವ ಮಸ್ಕೋಗಿ ಎಂಬ ಇನ್ನೊಂದು ಬುಡಕಟ್ಟಿನ ಮೀಸಲು ನೆಲವನ್ನು ಸಂಸತ್ತು ಎಂದೂ ರದ್ದು ಮಾಡಿಲ್ಲವೆಂದು 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ರಾಜ್ಯದ ನ್ಯಾಯಾಲಯವೊಂದು ಚಾಕ್ಟಾ ನೆಲಕ್ಕೂ ಅದೇ ನ್ಯಾಯ ಅನ್ವಯಿಸಿತು. ಎರಡು ಲಕ್ಷಕ್ಕೂ ಹೆಚ್ಚು ಚಾಕ್ಟಾ ಜನ ಇಂದೂ ಇದ್ದಾರೆ, ತಮ್ಮ ನುಡಿಯನ್ನು ಮಕ್ಕಳಿಗೆ ಕಲಿಸುತ್ತಿದ್ದಾರೆ.

ದೇಹ, ರಾಜ್ಯ, ಗಡಿ ಎಲ್ಲವೂ ಅನಿತ್ಯವೇ. ಆದರೆ ಕೊಟ್ಟ ಮಾತಿನ ಆಯುಸ್ಸನ್ನು ನಿರ್ಧರಿಸುವುದು ಕಾಲವಲ್ಲ, ಕೊಟ್ಟವರು. ಅನಿತ್ಯವನ್ನು ನಿಜವಾಗಿ ಅರಿತವರು ಕೊಟ್ಟ ಮಾತನ್ನು ಇನ್ನಷ್ಟು ಜತನದಿಂದ ಕಾಯಬೇಕು. ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರುವ ಕೆಲವೇ ಸಂಗತಿಗಳಲ್ಲಿ ಅದೂ ಒಂದು.