ಮುಂದಿನ ಪುಟಕ್ಕೆ ಹೋದ ಶಿಲ್ಕು

ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕ ಇರುತ್ತಿತ್ತು. ಅಂಗಡಿ ಮುಚ್ಚುವ ಮುನ್ನ ಜಮಾ-ಖರ್ಚು ಕೂಡಿಸಿ, ಉಳಿದದ್ದನ್ನು ಶಿಲ್ಕು ಎಂದು ಬರೆದು, ಮರುದಿನದ ಪುಟದ ತಲೆಗೆ ಅದೇ ಅಂಕಿಯನ್ನು ಇಳಿಸುವುದು ಪದ್ಧತಿ. ಹಣದ ಶಿಲ್ಕು ಬೆಳೆದಷ್ಟೂ ಸಾವಕಾರನಿಗೆ ಸಂತೋಷ. ಆದರೆ ಕೆಲಸದ ಶಿಲ್ಕು? ದಿನ ಮುಗಿದರೂ ತಾನು ಮುಗಿಯದೆ ಉಳಿದ ಕೆಲಸ ಬೆಳೆದಷ್ಟೂ ಮನಸ್ಸು ಕುಗ್ಗುತ್ತದೆ. "ನಾಳೆ ಎಂದವನ ಮನೆ ಹಾಳು" ಎಂಬ ಗಾದೆ ಬೇರೆ ಬೆನ್ನಿಗೆ. ಉಳಿದ ಕೆಲಸವನ್ನು ಏನು ಮಾಡಬೇಕು, ಅದನ್ನು ಯಾರು ಹೊರಬೇಕು ಎಂಬುದು ಬರೀ ಅಚ್ಚುಕಟ್ಟುತನದ ಮಾತಲ್ಲ, ನ್ಯಾಯದ ಮಾತು ಎಂದು ನನಗೆ ಹೊಳೆದದ್ದು ಒಂದು ಇನ್ನೂರು ಪುಟದ ವಹಿಯಿಂದ.

ನಾನು ಗೋಕಾಕದಿಂದ ಮೂಡಲಗಿಗೆ ದಿನಾಲು ಬಸ್ಸಿನಲ್ಲಿ ಹೋಗಿ ಬಂದು ಪಾಠ ಹೇಳುವವಳು. ನಮ್ಮ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬಳು ಬಿಡುವಿನ ವೇಳೆಯಲ್ಲಿ ಒಂದು ವಹಿಯಲ್ಲಿ ಚುಕ್ಕಿ, ಗೀಟು ಹಾಕುತ್ತ ಕೂಡುತ್ತಿದ್ದಳು. ಕೇಳಿದರೆ, "ಅಕ್ಕೋರ, ಇದು ಬುಲೆಟ್ ಜರ್ನಲ್ ಅಂತ್ರಿ" ಎಂದಳು. ಬುಲೆಟ್ ಎಂದರೆ ನಮ್ಮೂರ ಹುಡುಗರು ಸದ್ದು ಮಾಡುತ್ತ ಓಡಿಸುವ ಗಾಡಿ ಎಂದಷ್ಟೇ ತಿಳಿದವಳು ನಾನು. ಇಲ್ಲಿ ಬುಲೆಟ್ ಎಂದರೆ ಸಾಲಿನ ಮುಂದಿಡುವ ಚುಕ್ಕಿ. ಅಮೆರಿಕದ ರೈಡರ್ ಕ್ಯಾರಲ್ ಎಂಬಾತ 2013ರಲ್ಲಿ ಈ ಪದ್ಧತಿಯನ್ನು ಜಗತ್ತಿಗೆ ತಿಳಿಸಿದ, 2018ರಲ್ಲಿ ಪುಸ್ತಕವನ್ನೂ ಬರೆದ. ಚಿಕ್ಕಂದಿನಿಂದ ಆತನಿಗೆ ಗಮನ ಒಂದೆಡೆ ನಿಲ್ಲದ ತೊಂದರೆ ಇತ್ತು. ಅದನ್ನು ನಿಭಾಯಿಸಲು ತನಗಾಗಿ ಹುಡುಕಿಕೊಂಡ ದಾರಿ ಇದು. ಮಾಡಬೇಕಾದ ಕೆಲಸಕ್ಕೆ ಚುಕ್ಕಿ. ಮುಗಿದರೆ ಅದರ ಮೇಲೆ ಕತ್ತರಿ ಗುರುತು. ಮುಂದಕ್ಕೆ ಹೋದರೆ ಬಾಣದ ಮೊನೆ. ನಮ್ಮ ಕಿರ್ದಿ ಪುಸ್ತಕದ ದೂರದ ಬಂಧುವೇ ಸರಿ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ನಿಯಮ. ತಿಂಗಳು ಮುಗಿದಾಗ ಉಳಿದ ಕೆಲಸಗಳನ್ನೆಲ್ಲ ಹೊಸ ತಿಂಗಳ ಪುಟಕ್ಕೆ ಕೈಯಿಂದಲೇ ಮತ್ತೆ ಬರೆಯಬೇಕು. ಮತ್ತೆ ಬರೆಯುವಷ್ಟು ಬೆಲೆ ಇಲ್ಲದ ಕೆಲಸವನ್ನು ಅಲ್ಲೇ ಹೊಡೆದುಹಾಕಬೇಕು. ಮೊಬೈಲಿನಲ್ಲಾದರೆ ಉಳಿದ ಕೆಲಸ ತಾನಾಗಿ ನಾಳೆಗೆ ಜಾರುತ್ತದೆ. ಇಲ್ಲಿ ಬರೆಯುವ ಶ್ರಮವೇ ಜರಡಿ. ಪ್ರತಿ ಸಾಲಿಗೂ ಪೆನ್ನು ನಿಲ್ಲಿಸಿ "ಇದು ಬೇಕೇ?" ಎಂದು ಕೇಳಿಕೊಳ್ಳಬೇಕಾಗುತ್ತದೆ.

ನಾನೂ ಶುರು ಮಾಡಿದೆ. ಅತ್ತೆಯವರ ಬಿ.ಪಿ. ಗುಳಿಗೆ, ಲೈಟ್ ಬಿಲ್ಲು, ಗ್ಯಾಸ್, ಜೋಳ ಗಿರಣಿಗೆ ಹಾಕುವುದು, ಮೈದುನನ ಮಗಳ ಮದುವೆಗೆ ಆಯೇರಿ ಸೀರೆ, ಯಜಮಾನರ ವಿಮೆಯ ಕಂತು, ಮಗನ ಪರೀಕ್ಷೆಯ ಅರ್ಜಿ. ತಿಂಗಳ ಕೊನೆಗೆ ಬಾಣದ ಮೊನೆ ಬಿದ್ದ ಸಾಲುಗಳನ್ನು ಹೊಸ ಪುಟಕ್ಕೆ ಇಳಿಸಲು ಕೂತಾಗ ನನ್ನ ಬಾಯಿಗೆ ಬಂದ ಪ್ರಶ್ನೆ ಕ್ಯಾರಲ್ ಕೇಳಿದ್ದಲ್ಲ. "ಇದು ಬೇಕೇ?" ಎಂದು ಆತ ಕೇಳುತ್ತಾನೆ. ಗುಳಿಗೆ ಬೇಡವೆನ್ನಲು ಬರುತ್ತದೆಯೇ? ನನಗೆ ಬಂದ ಪ್ರಶ್ನೆ, "ಇದು ಯಾರದು?" ಎಂಬುದು.

ನಮ್ಮ ಸರಕಾರವೂ ಒಂದು ದಿನಚರಿ ಬರೆದಿದೆ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆಯ ಸಮೀಕ್ಷೆ ಅದು. ಬೆಳಗಿನ 4 ಗಂಟೆಯಿಂದ ಮರುದಿನದ 4 ಗಂಟೆಯವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಂಡರು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97 ನಿಮಿಷ ಹಿಡಿದಿತ್ತು. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದು 289, ಗಂಡಸರದು 88. ಐದು ವರ್ಷದಲ್ಲಿ ನಮ್ಮದು ಹತ್ತು ನಿಮಿಷ ಇಳಿಯಿತು, ಅವರದೂ ಒಂಬತ್ತು ನಿಮಿಷ ಇಳಿಯಿತು! ಈ ನಿಮಿಷಗಳಲ್ಲಿ ಅಡಿಗೆ ಇದೆ, ಒಗೆಯುವುದಿದೆ, ಗುಡಿಸುವುದಿದೆ. ಆದರೆ ಗುಳಿಗೆ ಇನ್ನು ನಾಲ್ಕೇ ಉಳಿದಿವೆ ಎಂದು ರೊಟ್ಟಿ ಬಡಿಯುತ್ತಲೇ ನೆನೆಯುವುದನ್ನು ಯಾವ ಅರ್ಧ ಗಂಟೆಯಲ್ಲಿ ಬರೆಯುವುದು? ಮಾಡುವ ಕೆಲಸಕ್ಕಿಂತ ನೆನಪಿಡುವ ಕೆಲಸ ದೊಡ್ಡದು. ಅದು ಕಣ್ಣಿಗೆ ಕಾಣದ್ದರಿಂದ ಅದಕ್ಕೆ ಪಾಲುದಾರರೂ ಇಲ್ಲ.

ಗೋಕಾಕ ಫಾಲ್ಸಿನ ಹತ್ತಿ ಮಿಲ್ಲು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶುರುವಾದದ್ದು. ಅಲ್ಲಿ ದುಡಿದವರ ದಿನಕ್ಕೆ ಪಾಳಿ ಎಂಬುದೊಂದಿತ್ತು. ಪಾಳಿ ಮುಗಿದರೆ ಆ ಹೊತ್ತಿನ ಮಗ್ಗಲು ಕೆಲಸ ಮುಂದಿನ ಪಾಳಿಯವನದು. ಅವನಿಗಾಗಿ ಬುತ್ತಿ ಕಟ್ಟಿದವಳಿಗೆ ಮುಂದಿನ ಪಾಳಿಯವಳು ಯಾರಿದ್ದಳು?

ಹುಕ್ಕೇರಿಯಲ್ಲಿರುವ ನನ್ನ ಅಕ್ಕನಿಗೆ ಈ ವಹಿಯ ಸುದ್ದಿ ಹೇಳಿದಾಗ ಆಕೆ ನಕ್ಕಳು. "ಅಲ್ಲವಾ, ಎಲ್ಲಾ ಬರದಿಟ್ಕೊಂಡು ಮಾಡಾಕ ಮನಿ ಅಂದ್ರ ಸರಕಾರಿ ಆಫೀಸ ಏನ? ಮಗಳ ಬಾಣಂತನಾನೂ ಪಟ್ಟಿಯೊಳಗ ಬರೀತಿ ಏನ? ಲೆಕ್ಕಾ ಹಿಡದ್ರ ಮಾಯೆ ಎಲ್ಲಿ ಉಳೀತತಿ?"

ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಲಾಗದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿದಾಗ ಯಾರೂ ಪಟ್ಟಿ ಮಾಡಲಿಲ್ಲ. ಒಬ್ಬರು ಅನ್ನ ಬೇಯಿಸಿದರು, ಒಬ್ಬರು ಹಾಸಿಗೆ ಕೊಟ್ಟರು. ಇದು ಯಾರ ಕೆಲಸ ಎಂದು ಕೇಳುತ್ತ ನಿಂತಿದ್ದರೆ ಮನುಷ್ಯತ್ವಕ್ಕೇ ಕುಂದು. ಆದರೆ ಅಂಥ ದಿನ ಗಂಡಸರೂ ಹೆಂಗಸರೂ ಕೂಡಿಯೇ ಹೊತ್ತರಲ್ಲ? ನೆರೆ ಇಳಿದ ಮೇಲೆ ಬರುವ ಸಾದಾ ದಿನಗಳಲ್ಲಿ ಹೊರೆ ಮತ್ತೆ ಒಬ್ಬಳ ತಲೆಯ ಮೇಲೆ ಕೂಡುವುದನ್ನು ಮಾಯೆ ಎಂದು ಕರೆಯಲು ನಾನು ಒಪ್ಪಲಾರೆ. ಮಾಯೆಯಿಂದ ಮಾಡುವುದು ಒಂದು. ಮಾಯೆಯ ಹೆಸರಿನಲ್ಲಿ ಪಾಲಿಗೆ ಬಂದದ್ದು ಇನ್ನೊಂದು. ಬರೆದು ನೋಡಿದರೆ ಎರಡೂ ಬೇರೆ ಬೇರೆ ಕಾಣುತ್ತವೆ. ಅಕ್ಕನ ಮಗಳ ಬಾಣಂತನ ಮೊದಲನೆಯದು. ಯಜಮಾನರ ವಿಮೆಯ ಕಂತಿನ ತಾರೀಖು ಎರಡನೆಯದು.

ಹಾಗಾಗಿ ಕ್ಯಾರಲ್‌ನ ಗುರುತುಗಳಿಗೆ ನಾನೊಂದನ್ನು ಕೂಡಿಸಿದೆ. ಮುಗಿದದ್ದು, ಮುಂದೆ ಹೋದದ್ದು, ಹೊಡೆದುಹಾಕಿದ್ದು ಇವುಗಳ ಜೊತೆಗೆ, ಒಪ್ಪಿಸಿದ್ದು. ಆ ಸಾಲಿನ ಮುಂದೆ ಒಪ್ಪಿಕೊಂಡವರ ಹೆಸರಿನ ಮೊದಲ ಅಕ್ಷರ. ವಹಿಯನ್ನು ಅಡಿಗೆ ಮನೆಯ ಕ್ಯಾಲೆಂಡರಿನ ಕೆಳಗೆ ದಾರ ಕಟ್ಟಿ ತೂಗುಹಾಕಿದೆ. ಗುಳಿಗೆಯ ಸಾಲಿಗೆ ಯಜಮಾನರ ಅಕ್ಷರ ಬಿತ್ತು. ಅವರೇ ಬರೆದರು.

ಎರಡನೆಯ ತಿಂಗಳು ಒಂದು ರಾತ್ರಿ ಗುಳಿಗೆ ತೀರಿತ್ತು. "ನೀ ನೆನಪು ಮಾಡಬೇಕಾಗಿತ್ತು" ಎಂದರು. ಈ ಒಂದು ಮಾತಿನಲ್ಲಿ ನಮ್ಮ ಸಂಸಾರಗಳ ಕಥೆಯೆಲ್ಲ ಇದೆ. ನಾನು ಏನು ಮಾಡುವುದು ನ್ಯಾಯ? ಅವರಿಗೆ ಪಾಠವಾಗಲೆಂದು ಎಂಬತ್ತು ದಾಟಿದ ಮುದುಕಿಯನ್ನು ಗುಳಿಗೆಯಿಲ್ಲದೆ ಮಲಗಿಸುವುದೇ? ಆಕೆಯೇನು ಪಾಠದ ಹಲಗೆಯೇ? ಗುಳಿಗೆ ಬೇಕಾದವರ ಋಣ ಮೊದಲು, ನಮ್ಮ ನಮ್ಮ ಪಾಲಿನ ಜಗಳ ಆಮೇಲೆ. ನಾನೇ ಔಷಧದ ಅಂಗಡಿಗೆ ಹೋಗಿ ತಂದೆ. ಆದರೆ ಆ ಸಾಲನ್ನು ನನ್ನ ಪುಟಕ್ಕೆ ತಿರುಗಿ ಇಳಿಸಲಿಲ್ಲ. ಅವರ ಅಕ್ಷರ ಹಾಗೇ ಉಳಿಯಿತು. ಅವರೂ ಅದನ್ನು ನೋಡಿದರು, ನಾನೂ ನೋಡಿದೆ. ಮುಂದಿನ ತಿಂಗಳಿನಿಂದ ಗುಳಿಗೆ ತೀರಿಲ್ಲ.

ಎಲ್ಲ ಸಾಲುಗಳೂ ಹೀಗೆ ದಾಟಿದವೆಂದಲ್ಲ. ಆಯೇರಿಯ ಸೀರೆ ಇನ್ನೂ ನನ್ನದೇ. ಅದನ್ನು ಆರಿಸುವುದು ನನಗೆ ಇಷ್ಟ, ಇರಲಿ. ಕೆಲವು ಸಾಲುಗಳನ್ನು ಹೊಡೆದುಹಾಕಿದೆ, ಮನೆಯೇನೂ ಹಾಳಾಗಲಿಲ್ಲ.

ನೀವು ವಹಿ ಹಿಡಿಯಲೇಬೇಕೆಂದು ನಾನು ಹೇಳುತ್ತಿಲ್ಲ. ಸ್ಟಿಕರ್, ಬಣ್ಣದ ಪೆನ್ನುಗಳ ಗೊಡವೆಯೂ ಬೇಡ. ತಿಂಗಳಿಗೊಮ್ಮೆ ಉಳಿದ ಕೆಲಸಗಳನ್ನು ಮಕ್ಕಳು ಉಳಿಸಿದ ಯಾವುದೋ ವಹಿಯ ಬಿಳಿ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದು ಯಾರದು ಎಂದು ಬರೆಯಲು ನೋಡಿ. ಬರೆದ ಮೇಲೂ ಬಹಳಷ್ಟನ್ನು ನೀವೇ ಮಾಡುವಿರಿ. ಆದರೆ ಇದು ನನ್ನ ಸಾಲವೋ, ನಾನು ಇಷ್ಟಪಟ್ಟು ಕೊಟ್ಟದ್ದೋ ಎಂಬುದು ತಿಳಿದಿರುತ್ತದೆ. ತಿಳಿದು ಕೊಟ್ಟದ್ದು ದಾನ. ತಿಳಿಯದೆ ಹೊತ್ತದ್ದು ಬರೀ ಹೊರೆ.