ಅರ್ಧ ಗೀಟಿನ ಹದ

ತಾಯೇ, ಬೆಳಗಿನ ಆರು ಗಂಟೆ. ದೇವರ ದೀಪಕ್ಕೆ ಇನ್ನೂ ಎಣ್ಣೆ ಹಾಕಿಲ್ಲ. ಅಡುಗೆಮನೆಯ ಮೂಲೆಯಲ್ಲಿ ನನ್ನ ಬೆಕ್ಕು ಕೆಂಚ ತಟ್ಟೆಗೆ ಬಾಯಿ ಹಾಕಿದ್ದಾನೆ. ಕಟ್ಟೆಯ ಮೇಲೆ ಇನ್ಸುಲಿನ್ ಸೀಸೆ, ಸಿರಿಂಜು, ಹತ್ತಿ, ಮೀಟರ್ ಸಾಲಾಗಿವೆ. ಅವನು ತಿಂದು ಮುಗಿಸುವವರೆಗಿನ ಹೊತ್ತೇ ನನ್ನ ಪ್ರಾರ್ಥನೆಯ ಹೊತ್ತು.

ಕೂಸು ಹುಟ್ಟಿದ ಆರನೆಯ ರಾತ್ರಿ ತೊಟ್ಟಿಲ ಬಳಿ ಬಂದು ಹಣೆಬರಹ ಬರೆದು ಹೋಗುವವಳು ನೀನು. ನಮ್ಮ ಉತ್ತರ ಕರ್ನಾಟಕದವರು ನಿನ್ನನ್ನು ಸಟವಿ ಅಂತಾರೆ. ಬಂಗಾಳದವರು ಷಷ್ಠಿ ಎಂದು ಕರೆದು ಬೆಕ್ಕಿನ ಮೇಲೆ ಕೂರಿಸಿ ಪೂಜಿಸುತ್ತಾರೆ. ಬೆಕ್ಕನ್ನೇ ವಾಹನ ಮಾಡಿಕೊಂಡವಳ ಮುಂದಲ್ಲದೆ ಬೆಕ್ಕಿನ ಮಾತನ್ನು ಇನ್ನಾರ ಮುಂದೆ ಹೇಳಿಕೊಳ್ಳಲಿ?

ಕೆಂಚನಿಗೆ ಹನ್ನೊಂದು ವರ್ಷ. ಕಳೆದ ದೀಪಾವಳಿಯ ಹೊತ್ತಿಗೆ ನೀರಿನ ಬಟ್ಟಲು ಬಿಟ್ಟು ಕದಲದಾದ. ಆರು ಕಿಲೋ ಇದ್ದವನು ನಾಲ್ಕೂವರೆಗೆ ಇಳಿದ. ಕಪಾಟಿನ ತುದಿಗೆ ಹಾರುತ್ತಿದ್ದವನು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿದ. ವೈದ್ಯರು ಸಕ್ಕರೆ ಕಾಯಿಲೆ ಎಂದರು. ಹನ್ನೆರಡು ತಾಸಿಗೊಮ್ಮೆ ಒಂದು ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಲು ಹೇಳಿದರು. ಆಗ ನಾನು ಹೆದರಿದ್ದು ಏರಿದ ಸಕ್ಕರೆಗೆ. ಇಳಿಯುವ ಸಕ್ಕರೆಗೂ ಹೆದರಬೇಕೆಂದು ಅವರು ಹೇಳಿದ್ದರು. ಆ ಮಾತನ್ನು ಕಿವಿ ಕೇಳಿತು, ಕೈ ಕಲಿಯಲಿಲ್ಲ. ಏರಿದ ಸಕ್ಕರೆ ತಿಂಗಳುಗಟ್ಟಲೆ ಸವೆಸುತ್ತದೆ. ಇಳಿದ ಸಕ್ಕರೆ ಒಂದೇ ಹೊತ್ತಿನಲ್ಲಿ ಒಯ್ಯುತ್ತದೆ.

ತಪ್ಪು ಒಪ್ಪಿಸುತ್ತೇನೆ, ತಾಯೇ. ಮಾಗಿಯ ಒಂದು ಬೆಳಿಗ್ಗೆ. ಹಿಂದಿನ ದಿನ ಸಿರಿಂಜು ಮುಗಿದು ಹೊಸದನ್ನು ತಂದಿದ್ದೆ. ಹಳೆಯದರ ಮುಚ್ಚಳ ಕಿತ್ತಳೆ ಬಣ್ಣ, ಹೊಸದರದ್ದು ಕೆಂಪು. ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆಯದು 100ಕ್ಕೆ. ಕೆಂಚನ ಸೀಸೆ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದರ ಗೀಟಿಗೆ ಎಳೆದರೆ ಒಳಗೆ ಬರುವುದು ಎರಡೂವರೆ ಯೂನಿಟ್. ನಾನು ಎಳೆದೆ. ಸಾಲದೆಂಬಂತೆ ಅಂದು ಅವನು ಅರ್ಧ ಊಟ ಬಿಟ್ಟಿದ್ದ. ಆರು ಹೊಡೆಯಿತೆಂದು ಚುಚ್ಚಿಬಿಟ್ಟೆ. ಗಡಿಯಾರ ನೋಡಿದೆ, ತಟ್ಟೆ ನೋಡಲಿಲ್ಲ.

ಹನ್ನೊಂದರ ಹೊತ್ತಿಗೆ ಕರೆದರೆ ಬರಲಿಲ್ಲ. ಅಕ್ಕಿ ಡಬ್ಬಿಯ ಹಿಂದೆ ಕೂತಿದ್ದ. ಪಾಪೆ ಅರಳಿ ಕಣ್ಣಿಡೀ ಕಪ್ಪಾಗಿತ್ತು. ನನ್ನ ಕಡೆಗೇ ಮುಖವಿದ್ದರೂ ನೋಟ ನನ್ನ ಮೇಲಿರಲಿಲ್ಲ. ಎತ್ತಿ ನಿಲ್ಲಿಸಿದೆ, ತೂರಾಡಿ ಪಕ್ಕಕ್ಕೆ ಕುಸಿದ. ತುಟಿಯ ಅಂಚು ಅದುರುತ್ತಿತ್ತು. ಬಿಸಿನೀರಿಗೆ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ನೂಲಿನೆಳೆಯಂಥ ರಕ್ತನಾಳ ಕಂಡಿತು. ಚುಚ್ಚಿದೆ. ಸಾಸಿವೆ ಕಾಳಿನಷ್ಟು ರಕ್ತ. ಮೀಟರ್ ಐದು ಎಣಿಸಿತು. 32. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಕೊಂಚ ಕಡಿಮೆಯೇ ತೋರಿಸುತ್ತದೆ, ನಿಜ. ಆದರೆ ಬೆಕ್ಕು ನೆಲಕ್ಕೆ ಕುಸಿದಿರುವಾಗ ಆ ಲೆಕ್ಕ ಹಿಡಿದು ಕೂರುವ ಹೊತ್ತಲ್ಲ ಅದು.

ಜೇನಿನ ಬಾಟಲಿ ಕೈಗೆ ಸಿಕ್ಕಿತು. ಎಚ್ಚರ ತಪ್ಪುತ್ತಿರುವ ಪ್ರಾಣಿಯ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು, ಸುರಿಯಬೇಡಿ, ಒಸಡಿಗೆ ಸವರಿ ಎಂದು ವೈದ್ಯರು ಹೇಳಿದ್ದು ಆ ಗಳಿಗೆಯಲ್ಲಿ ನೆನಪಾಯಿತಲ್ಲ, ಅದು ನಿನ್ನ ಕೃಪೆ. ಬೆರಳ ತುದಿಯಲ್ಲಿ ಅದ್ದಿ ಅದ್ದಿ ಸವರಿದೆ. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ, ತಾಯೇ. ಸಿಹಿ ಗುರುತಿಸುವ ಜೀನ್ ಅದರ ಕುಲದಲ್ಲಿ ಕೆಟ್ಟುಹೋಗಿದೆ, ಹುಲಿಗೂ ಚೀತಾಕ್ಕೂ ಅಷ್ಟೇ ಎಂದು ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ನಾನು ಸವರುತ್ತಿದ್ದದ್ದು ಅವನ ಪಾಲಿಗೆ ಜೇನಲ್ಲ, ಬರೀ ಅಂಟು. ಆ ಅಂಟೇ ಅವನ ಮಿದುಳಿಗೆ ಅನ್ನವಾಯಿತು. ನಿನ್ನ ಕರುಣೆಯೂ ಹೀಗೇ ಇದ್ದೀತು. ನಮಗೆ ರುಚಿ ತಿಳಿಯದಿದ್ದರೂ ಅದು ನಮ್ಮನ್ನು ಉಳಿಸುತ್ತಿರುತ್ತದೆ.

ಹದಿನೈದು ನಿಮಿಷಕ್ಕೆ 54 ಆಯಿತು. ತಲೆ ಎತ್ತಿದ, ಊಟ ನೆಕ್ಕಿದ. ಗೆದ್ದೆ ಅಂದುಕೊಂಡೆ. ಮತ್ತೆ ಚುಚ್ಚಿದಾಗ 43. ಜೇನು ಬೇಗ ಉರಿದು ಮುಗಿಯುತ್ತದೆ, ಚರ್ಮದಡಿಯ ಇನ್ಸುಲಿನ್ ತಾಸುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಸಲ ಅಂಕಿ ಏರಿತೆಂದು ಪಕ್ಕದಿಂದ ಏಳಬಾರದು ಎಂದು ಅಂದು ಕಲಿತೆ. ದಾರಿಯುದ್ದಕ್ಕೂ ಒಸಡಿಗೆ ಸವರುತ್ತಲೇ ಆಸ್ಪತ್ರೆಗೆ ಒಯ್ದೆ. ಮುಂಗಾಲಿಗೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿದರು. ಸಂಜೆಯ ಇನ್ಸುಲಿನ್ ನಿಲ್ಲಿಸಿದರು. ರಾತ್ರಿಯೆಲ್ಲ ಅಲ್ಲೇ ಇರಿಸಿಕೊಂಡರು. ನಾನು ತಂದು ತೋರಿಸಿದ ಸಿರಿಂಜಿನ ಕೆಂಪು ಮುಚ್ಚಳವನ್ನು ವೈದ್ಯರು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಕೃತಜ್ಞತೆ. ಕೆಂಚನನ್ನು ಉಳಿಸಿದ ತಿಳಿವಳಿಕೆಗೆ ಬೇರೆ ಮೂಕಜೀವಿಗಳು ಬೆಲೆ ತೆತ್ತಿವೆ. ನೂರು ವರ್ಷದ ಹಿಂದೆ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದಾಗ ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿ ಮೊಲಗಳಿಗೆ ಕೊಟ್ಟು ನೋಡಿದರು. ಹೆಚ್ಚಾದಾಗ ಮೊಲಗಳು ಸೆಟೆದು ಬಿದ್ದವು, ಗ್ಲುಕೋಸ್ ಕೊಟ್ಟರೆ ಎದ್ದು ಕೂತವು. ಉಪವಾಸವಿದ್ದ ಮೊಲದ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ, ಅಂದರೆ 45ಕ್ಕೆ, ಇಳಿಸಲು ಬೇಕಾದ ಇನ್ಸುಲಿನ್ ಎಷ್ಟು ಎಂಬುದರ ಮೇಲೆಯೇ ಮೊದಲ ದಿನಗಳಲ್ಲಿ ಯೂನಿಟ್ಟಿನ ಅಳತೆ ನಿಂತಿತ್ತು. ನನ್ನ ಸಿರಿಂಜಿನ ಒಂದೊಂದು ಗೀಟಿನ ಹಿಂದೆಯೂ ಸೆಟೆದು ಬಿದ್ದ ಮೊಲವೊಂದಿದೆ. ಆ ಮೊಲಗಳಿಗೆ ಕೈ ಮುಗಿಯುತ್ತೇನೆ. ಅವುಗಳ ಹಣೆಯಲ್ಲಿ ನೀನು ಬರೆದದ್ದೇನೋ ನಾನರಿಯೆ. ಅವುಗಳ ನೋವು ನನ್ನ ಕೈಯಲ್ಲಿ ವ್ಯರ್ಥವಾಗದಿರಲಿ.

ಇನ್ನು ಬೇಡಿಕೆ. ಕೆಂಚನಿಗೆ ನೂರು ವರ್ಷ ಆಯುಸ್ಸು ಕೊಡು ಎನ್ನುವುದಿಲ್ಲ. ನನಗೆ ಹದ ಕೊಡು. ಪಾಕಕ್ಕೆ ಹದವಿದೆ, ಮಣ್ಣಿಗೆ ಹದವಿದೆ. ಅಜ್ಜಿ ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡಿ ಒಲೆಯಿಂದ ಇಳಿಸುತ್ತಿದ್ದಳು. ಒಂದು ಗಳಿಗೆ ಮೊದಲಾದರೆ ಹಸಿ, ಒಂದು ಗಳಿಗೆ ತಡವಾದರೆ ಕಲ್ಲು. ಪ್ರೀತಿಗೂ ಹದ ಬೇಕೆಂದು ನನಗೆ ಗೊತ್ತಿರಲಿಲ್ಲ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಅಂದುಕೊಂಡೇ ಬದುಕಿದವಳು ನಾನು.

ಊಟಕ್ಕೆ ಮೊದಲು ಅವನ ಕಿವಿ ಚುಚ್ಚುವಾಗ ನನ್ನ ಬೆರಳನ್ನು ಸ್ಥಿರವಾಗಿಡು. ವೈದ್ಯರು ಹಾಕಿಕೊಟ್ಟ ಗೆರೆಗಿಂತ ಅಂಕಿ ಕೆಳಗಿದ್ದ ದಿನ ಸೂಜಿ ಮುಟ್ಟದೆ ಫೋನ್ ಮುಟ್ಟುವ ಬುದ್ಧಿ ಕೊಡು. ಔಷಧಿ ಒಳಗೆ ಹೋಯಿತೋ ತುಪ್ಪಳದ ಮೇಲೆ ಚೆಲ್ಲಿತೋ ಎಂಬ ಅನುಮಾನ ಬಂದಾಗ ಮತ್ತೊಮ್ಮೆ ಚುಚ್ಚುವ ಆತುರವನ್ನು ತಡೆ. ಒಂದು ಹೊತ್ತು ತಪ್ಪಿದರೆ ಅವನು ತಾಳುತ್ತಾನೆ, ಎರಡು ಪಟ್ಟು ಬಿದ್ದರೆ ತಾಳಲಾರ. ಮನೆಯಲ್ಲಿ ಒಬ್ಬರು ಕೊಟ್ಟದ್ದು ತಿಳಿಯದೆ ಇನ್ನೊಬ್ಬರು ಕೊಡದಂತೆ, ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕ ಗುರುತು ಹಾಕುವುದನ್ನು ಮರೆಸಬೇಡ. ಜೇನಿನ ಬಾಟಲಿ ಖಾಲಿಯಾಗಲು ಬಿಡಬೇಡ.

ಇನ್ನೊಂದು ಮಾತು. ಇಳಿದ ಅಂಕಿ ಯಾವಾಗಲೂ ಶಾಪವಲ್ಲವಂತೆ. ಚಿಕಿತ್ಸೆ ಹಿಡಿದ ಕೆಲವು ಬೆಕ್ಕುಗಳಲ್ಲಿ ಮೇದೋಜೀರಕ ಗ್ರಂಥಿ ಮತ್ತೆ ಕಣ್ಣು ಬಿಟ್ಟು, ಹೊರಗಿನ ಇನ್ಸುಲಿನ್ ಬೇಡವೆನ್ನುವ ದಿನವೂ ಬರುತ್ತದೆ. ಆಗ ನಿನ್ನೆಯ ಹದವೇ ಇಂದು ಅತಿಯಾಗುತ್ತದೆ. ಕೆಂಚನ ಪಾಲು ಈ ತಿಂಗಳು ವೈದ್ಯರ ಮಾತಿನಂತೆ ಅರ್ಧ ಯೂನಿಟ್ಟಿಗೆ ಇಳಿದಿದೆ. ಅರ್ಧ ಗೀಟು ಇರುವ ಸಣ್ಣ ಸಿರಿಂಜು ತಂದಿದ್ದೇನೆ, ಮುಚ್ಚಳದ ಬಣ್ಣ ಮೂರು ಸಲ ನೋಡಿ. ಅವನಿಗೆ ನನ್ನ ಸೂಜಿ ಬೇಡವಾದ ದಿನ, ನನ್ನ ಕೈ ಬೇಕೆಂದು ಹಟ ಹಿಡಿಯದಿರಲಿ.

ರಾತ್ರಿ ವೈದ್ಯರು ಸಿಗದ ಊರಿನಲ್ಲಿ ಒಂದು ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತವರ ಪಕ್ಕದಲ್ಲಿ ನೀನಿರು. ಅವರ ಬೆರಳಿಗೂ ಜೇನು ಸಿಗಲಿ, ಬೆಳಗಾಗುವವರೆಗೆ ಅವರಿಗೆ ನಿದ್ದೆ ಬಾರದಿರಲಿ.

ನಿನಗೆ ನೈವೇದ್ಯವೆಂದು ಇಂದು ಬೇರೇನೂ ಮಾಡಿಲ್ಲ. ಅವನ ತಟ್ಟೆಯೇ ನಿನ್ನ ತಟ್ಟೆ. ಕೆಂಚ ನಡುವೆ ನಿಲ್ಲಿಸಿ ಮೀಸೆ ನೆಕ್ಕಿಕೊಂಡ, ಮತ್ತೆ ಬಾಯಿ ಹಾಕಿದ. ಗೋಡೆಯ ಗಡಿಯಾರ ಆರು ದಾಟಿ ಹತ್ತು ನಿಮಿಷವಾಯಿತು. ಆಗಲಿ. ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಇದೆ. ಕಾಯುತ್ತೇನೆ.