ಇದಕ್ಕ ಯಾವ ಕಾಲಮಿನ್ಯಾಗ ಅಂಕ ಹಾಕ್ಬೇಕು?

ನಮ್ಮ ಚಂದಾಪುರದಲ್ಲಿ ಹಿಮ ಅಂದ್ರೆ ಗೋಲಾ ಮಾರೋನ ಗಾಡಿ ಮೇಲಿನ ಬರ್ಫ್, ಅಷ್ಟೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟೋ ಚಿಂಚೋಳಿ ತಾಲ್ಲೂಕಿನವನಿಗೆ ಸ್ಕೀಯಿಂಗ್ ಹುಚ್ಚು ಹೆಂಗೆ ಹಿಡೀತು ಅಂತ ಹೆಂಡತಿ ಈಗಲೂ ನಗ್ತಾಳೆ. ನಿಜ ಹೇಳ್ಬೇಕಂದ್ರೆ ನನಗೆ ಹಿಡಿದಿದ್ದು ಸ್ಕೀಯಿಂಗ್ ಅಲ್ಲ, ಅಲ್ಲಿ ಅಂಕ ಕೊಡೋ ರೀತಿ.

ಓಟದ ಪಂದ್ಯದಲ್ಲಿ ಗಡಿಯಾರ ತೀರ್ಪು ಹೇಳುತ್ತೆ. ನಮ್ಮ ಕಡೆ ಜಾತ್ರೆಯಲ್ಲಿ ಗುಂಡು ಎತ್ತುವಾಗ ಕಲ್ಲೇ ತೀರ್ಪುಗಾರ. ಎದ್ದರೆ ಎದ್ದಿತು, ಇಲ್ಲಾಂದ್ರೆ ಇಲ್ಲ. ಆದರೆ ಫ್ರೀಸ್ಟೈಲ್ ಸ್ಕೀಯಿಂಗ್‌ನಲ್ಲಿ ಗಾಳಿಯಲ್ಲಿ ತಿರುಗಿ ಇಳಿದವನ ಜಿಗಿತ ಎಷ್ಟು ಚೆಂದ ಇತ್ತು ಅನ್ನೋದನ್ನ ಮನುಷ್ಯರೇ ಕೂತು ಹೇಳಬೇಕು.

ಅಮೆರಿಕದ ಜಾನಿ ಮೋಸ್ಲಿ 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಮೊಗಲ್ಸ್ ಚಿನ್ನ ಗೆದ್ದವನು. ಮೊಗಲ್ಸ್ ಅಂದ್ರೆ ಉಬ್ಬುತಗ್ಗಿನ ಇಳಿಜಾರಿನಲ್ಲಿ ಸರ್ರನೆ ಇಳೀತಾ ನಡುವೆ ಎರಡು ಸಲ ಜಿಗಿಯೋದು. ಆಗ ತಲೆಕೆಳಗಾಗೋ ಜಿಗಿತಕ್ಕೆ ನಿಷೇಧ ಇತ್ತು. 2002ರ ಸಾಲ್ಟ್ ಲೇಕ್ ಸಿಟಿಗೆ ಮೋಸ್ಲಿ ಒಂದು ಹೊಸ ಜಿಗಿತ ಕಟ್ಟಿಕೊಂಡು ಬಂದ. ಮೈಯನ್ನ ಹೆಚ್ಚುಕಡಿಮೆ ಅಡ್ಡ ಮಲಗಿಸಿ ಎರಡು ಸುತ್ತು ತಿರುಗೋದು, ಆದರೆ ಕಾಲು ತಲೆಗಿಂತ ಮೇಲೆ ಹೋಗಬಾರದು. ಡಿನ್ನರ್ ರೋಲ್ ಅಂತ ಅದರ ಹೆಸರು. ನಿಯಮದ ಗೆರೆ ಮುಟ್ಟದೆ, ಗೆರೆಯ ಪಕ್ಕದಲ್ಲೇ ಹಾರಿಹೋದ. ಜನ ಕೂಗಿದರು. ಸಿಕ್ಕಿದ್ದು ನಾಲ್ಕನೇ ಸ್ಥಾನ. 2006ರ ಒಲಿಂಪಿಕ್ಸ್ ಹೊತ್ತಿಗೆ ತಲೆಕೆಳಗಾಗೋ ಜಿಗಿತಕ್ಕೇ ಅನುಮತಿ ಸಿಕ್ಕಿತ್ತು!

ಇದನ್ನ ಓದಿದಾಗೆಲ್ಲ ನನಗೆ ಹೈಸ್ಕೂಲಿನ ಕೋಲಾಟ ನೆನಪಾಗುತ್ತೆ. ತಾಲ್ಲೂಕು ಮಟ್ಟದ ಸ್ಪರ್ಧೆ. ನಮ್ಮ ತಂಡದ ಒಬ್ಬ ಹುಡುಗ ಮೊಹರಂ ಅಲಾಯಿ ಕುಣಿತದ ಹೆಜ್ಜೆಯನ್ನ ಕೋಲಾಟದೊಳಗೆ ತಂದಿದ್ದ. ಮೂರನೇ ಸುತ್ತಿಗೆ ಎಲ್ಲರೂ ಕೋಲು ಬಗಲಿಗೆ ಸಿಕ್ಕಿಸಿ ಆ ಹೆಜ್ಜೆ ಹಾಕಿ, ತಾಳ ತಪ್ಪದೆ ಮತ್ತೆ ಕೋಲಿಗೆ ಬರೋದು. ಕೂತವರೆಲ್ಲ ಎದ್ದು ನಿಂತರು. ನಮಗೆ ಬಹುಮಾನ ಬರಲಿಲ್ಲ. ಹುಡುಗ ಅಳ್ತಾ ನಿಂತಿದ್ದನ್ನ ನೋಡಿ ತೀರ್ಪುಗಾರರೊಬ್ಬರು ಕರೆದು ಹಾಳೆ ತೋರಿಸಿದರು. ವೇಷಭೂಷಣ, ತಾಳ, ಹಾಡು, ಹೊಂದಾಣಿಕೆ. “ಛೊಲೊ ಇತ್ತಪಾ, ಭಾಳ ಛೊಲೊ ಇತ್ತು. ಆದ್ರ ಇದಕ್ಕ ಯಾವ ಕಾಲಮಿನ್ಯಾಗ ಅಂಕ ಹಾಕ್ಬೇಕು, ನೀನೇ ಹೇಳು?”

ಬಹಳ ವರ್ಷ ಅವರನ್ನ ಮನಸ್ಸಿನಲ್ಲೇ ಬೈದೆ. ಈಗ ಅಷ್ಟು ಸುಲಭವಾಗಿ ಬೈಯೋಕಾಗಲ್ಲ. ಗೆದ್ದ ತಂಡದ ಹುಡುಗಿಯರು ಅದೇ ಹಾಳೆ ನಂಬಿ ತಿಂಗಳುಗಟ್ಟಲೆ ಕುಣಿದಿದ್ದರು, ಒಂದು ಕೋಲೂ ತಪ್ಪಿರಲಿಲ್ಲ. ಹೊಸದು ಕಂಡ ಕೂಡಲೇ ಅಳತೆ ಬದಲಾದರೆ ಅವರಿಗೆ ಮೋಸ. ಮೋಸ್ಲಿ ವಿಷಯವೂ ಅಷ್ಟೇ. ಆಗ ಜಿಗಿತಕ್ಕಿದ್ದದ್ದು ಕಾಲು ಭಾಗ ಅಂಕ, ಉಳಿದದ್ದು ತಿರುವಿಗೂ ವೇಗಕ್ಕೂ. ಅವನ ಮುಂದಿದ್ದ ಮೂವರೂ ಕದ್ದು ಗೆದ್ದವರಲ್ಲ.

ಹಾಗಾದ್ರೆ ತಪ್ಪು ಎಲ್ಲಿ? 2022ರ ಬೀಜಿಂಗ್‌ನಲ್ಲಿ, ಇದು ಸ್ನೋಬೋರ್ಡ್ ಕಥೆ, ಜಪಾನಿನ ಅಯುಮು ಹಿರಾನೊ ಹಾಫ್‌ಪೈಪ್ ಫೈನಲ್‌ನ ಎರಡನೇ ಸರದಿಯಲ್ಲಿ ಒಲಿಂಪಿಕ್ಸ್ ಹಾಫ್‌ಪೈಪ್‌ನಲ್ಲಿ ಅದುವರೆಗೆ ಯಾರೂ ಪೂರೈಸದ ಸರಣಿಯೊಂದನ್ನ ಬೀಳದೆ ಮುಗಿಸಿದ. 91.75 ಬಂತು, ಎರಡನೇ ಸ್ಥಾನ. ವೀಕ್ಷಕ ವಿವರಣೆಕಾರರೇ ಸಿಟ್ಟಾದರು. ಮೂರನೇ ಸರದಿಯಲ್ಲಿ ಅವೇ ಜಿಗಿತಗಳನ್ನ ಮತ್ತೆ ಮಾಡಿದ: 96.00, ಚಿನ್ನ. ಎರಡನೆಯದು ಇನ್ನೂ ಅಚ್ಚುಕಟ್ಟಾಗಿತ್ತು ಅನ್ನೋರಿದ್ದಾರೆ, ಇರಬಹುದು. ನನಗೆ ಕಂಡಿದ್ದು ಬೇರೆ. ಮೊದಲ ಸಲ ಆ ಜಿಗಿತ ತೂಗೋಕೆ ಅವರ ಹತ್ತಿರ ಕಲ್ಲೇ ಇರಲಿಲ್ಲ. ಆದರೂ ಎರಡು ದಶಾಂಶದವರೆಗೆ ಲೆಕ್ಕ ಹಾಕಿ ಕೊಟ್ಟರು. ನಮ್ಮ ಕೋಲಾಟದ ತೀರ್ಪುಗಾರರು ಕಡೇಪಕ್ಷ ಹಾಳೆ ತೋರಿಸಿ, ನನ್ನ ಹತ್ತಿರ ಅಳತೆ ಇಲ್ಲ ಅಂತ ಒಪ್ಪಿಕೊಂಡಿದ್ದರು.

ನಾನು ಅದನ್ನೂ ಮಾಡಲಿಲ್ಲ. ಹೋದ ವರ್ಷ ನನ್ನ ಟೀಮಿನ ಹುಡುಗಿಗೆ ರಾತ್ರಿ ಓಡೋ ಒಂದು ರಿಪೋರ್ಟ್ ಜಾಬ್ ಫಾಸ್ಟ್ ಮಾಡೋ ಕೆಲಸ ಕೊಟ್ಟಿದ್ದೆ. ನಾವೆಲ್ಲ ಕ್ವೆರಿ ತಿದ್ದುತ್ತಾ ಕೂತಿದ್ವಿ. ಅವಳು ಹೋಗಿ ಆ ರಿಪೋರ್ಟ್ ಯಾರು ಓದ್ತಾರೆ ಅಂತ ವಿಚಾರಿಸಿದಳು. ಹೆಚ್ಚಿನ ಭಾಗ ಯಾರೂ ತೆರೆದೇ ನೋಡ್ತಿರಲಿಲ್ಲ. ಅಷ್ಟನ್ನೂ ತೆಗೆಸಿಹಾಕಿದಳು. ಒಂದು ಸಾಲು ಹೊಸ ಕೋಡ್ ಇಲ್ಲದೆ ಕೆಲಸ ಮುಗೀತು. ಅಪ್ರೈಸಲ್ ಫಾರ್ಮಿನಲ್ಲಿ ಇದಕ್ಕೆ ಕಾಲಮ್ ಇರಲಿಲ್ಲ. ಐದಕ್ಕೆ ಮೂರು ಹಾಕಿದೆ. “ಯಾಕೆ ಮೂರು?” ಅಂತ ಕೇಳಿದಾಗ “ಕ್ಯಾಲಿಬ್ರೇಷನ್‌ನಲ್ಲಿ ಹಾಗೇ ಬಂತು” ಅಂದೆ. ಅದು ಸುಳ್ಳು. ಕ್ಯಾಲಿಬ್ರೇಷನ್‌ನಲ್ಲಿ ಅವಳ ಹೆಸರು ಚರ್ಚೆಗೇ ಬಂದಿರಲಿಲ್ಲ, ನಾನೇ ಎತ್ತಲಿಲ್ಲ.

ಈ ವರ್ಷ ಅವಳು ಕೊಟ್ಟ ಟಿಕೆಟ್ ಕೊಟ್ಟ ಹಾಗೆ ಮುಗಿಸ್ತಾಳೆ, ಏನೂ ಕೇಳಲ್ಲ. ಎಲ್ಲ ಕಾಲಮಿಗೂ ಧಾರಾಳವಾಗಿ ನಾಲ್ಕು ಹಾಕಬಹುದು. ಫಾರ್ಮ್ ಮತ್ತೆ ತೆರೆದಿದೆ. ಕಾಮೆಂಟ್ ಜಾಗದಲ್ಲಿ “ಕಳೆದ ವರ್ಷ ಇವರ ಕೆಲಸ ಅಳೆಯಲು ನನಗೆ ಬರಲಿಲ್ಲ, ತಪ್ಪು ನನ್ನದು” ಅಂತ ಟೈಪ್ ಮಾಡಿ ಎರಡು ದಿನ ಆಯ್ತು. ಸಬ್ಮಿಟ್ ಇನ್ನೂ ಒತ್ತಿಲ್ಲ. ಶುಕ್ರವಾರ ಕೊನೇ ದಿನ.